ಟಂಕಸಾಲೆಯ ಹೊರಗಣ ಗಾಯಗಳು

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದ ಬೆಳ್ಳಿಯ ರೂಪಾಯಿಗಳಲ್ಲಿ ಗಾಯಗೊಂಡವನ್ನು ಕಂಡೊಡನೆ ಟಂಕಸಾಲೆಯ ದೋಷವೆಂದು ಬಗೆಯುವುದುಂಟು. ನಾವೂ ಒಮ್ಮೆ ಹಾಗೆ ಎಡವಿದ್ದೆವು. ಭೇದವನ್ನು ಲೋಹವೇ ಹೇಳುತ್ತದೆ. ಅಚ್ಚೊತ್ತುವ ಮೊದಲೇ ಬಿಲ್ಲೆಯ ಒಂದು ಬದಿ ತುಂಡಾಗಿದ್ದರೆ ಅದರ ಎದುರಿನ ಅಂಚೂ ಸಾಮಾನ್ಯವಾಗಿ ಮಂದವಾಗಿರುತ್ತದೆ. ಪೇಟೆಯಲ್ಲಿ ಕತ್ತರಿಸಿದುದರಲ್ಲಿ ಹಾಗಿಲ್ಲ. ಪೆಟ್ಟುಬಿದ್ದೆಡೆ ಲೋಹ ಪಕ್ಕಕ್ಕೆ ಸರಿದು, ಅಕ್ಷರ ಜಜ್ಜಿಹೋಗಿದ್ದರೆ ಅದು ನಂತರದ ಗಾಯ.

ತಕ್ಕಡಿಯೂ ಒಂದು ಸಾಕ್ಷಿ. 1835ರ ಕಂಪನಿ ರೂಪಾಯಿಯ ತೂಕ 180 ಗ್ರೇನು, ಎಂದರೆ ಒಂದು ತೊಲ. ತೂಕ ಕುಂದದೆ ಮುಖ ಮಾತ್ರ ಚಪ್ಪಟೆಯಾಗಿದ್ದರೆ ಸುತ್ತಿಗೆಯನ್ನು ಶಂಕಿಸಬೇಕು. ಕುಂದಿದ್ದರೆ ಸವೆತವನ್ನೋ ಅರವನ್ನೋ. ಚಿಕ್ಕ ಮುದ್ರೆಗಳು ಬೆಳ್ಳಿಯನ್ನು ಪರೀಕ್ಷಿಸಿದ ಸರಾಫರವು. ನಾಣ್ಯದ ನೆತ್ತಿಯಂಚಿನಲ್ಲಿ ಬೆಸುಗೆಯ ಕಲೆಯಿದ್ದರೆ ಪತ್ತಾರನು ಅಲ್ಲಿ ಕೊಂಡಿ ಕೂಡಿಸಿದ್ದನು; ಅದು ಯಾರದೋ ಕೊರಳ ಸರದಲ್ಲಿದ್ದು, ಕಷ್ಟಕಾಲದಲ್ಲಿ ಪೇಟೆಗೆ ಮರಳಿರಬಹುದು.

ಸ್ವಾತಂತ್ರ್ಯಾನಂತರದ ಅಲ್ಯುಮಿನಿಯಮ್ ಪೈಸೆಗಳ ಕಥೆ ಸರಳ. ಈ ಮೂರೂ ಊರುಗಳು ಒಂದೇ ರೈಲುದಾರಿಯ ಮೇಲಿವೆ. ಹಳಿಯ ಮೇಲೆ ಹುಡುಗರಿಟ್ಟ ಪೈಸೆ ಹಾಳೆಯಂತಾಗುವುದು.

ಆದರೆ ಹೊಳಪಿನಾಸೆಗೆ ಹುಣಿಸೆಹಣ್ಣು ಹಾಕಿ ತಿಕ್ಕಿದ ನಾಣ್ಯದಲ್ಲಿ ಇಂತಹ ಸೂಕ್ಷ್ಮ ಗುರುತುಗಳನ್ನು ಓದುವುದು ಕಷ್ಟ. ನಮ್ಮ ಕೈಗೆ ಬರುವವುಗಳಲ್ಲಿ ಹಲವು ತಿಕ್ಕಿದವೇ.