ಲೇಬಲ್ ವಿತರಣೆ: ಒಂದು ಐತಿಹಾಸಿಕ ವಿವೇಚನೆ

ಗಣಕಯಂತ್ರಗಳ ಜಾಲದಲ್ಲಿ ಲೇಬಲ್ ಪದ್ಧತಿಯು ವೇಗಕ್ಕಾಗಿಯೇ ಹುಟ್ಟಿ ವೇಗದಿಂದಲೇ ಉಳಿಯಿತೆಂಬ ಅಭಿಪ್ರಾಯವು ರೂಢಿಯಲ್ಲಿದೆ. ಲೇಬಲುಗಳ ವಿತರಣೆಯ ಚರಿತ್ರೆಯನ್ನು ಪರಿಶೀಲಿಸಿದರೆ, ಇದರ ಪೂರ್ವಾರ್ಧ ಮಾತ್ರ ನಿಜವೆಂದು ತಿಳಿಯುತ್ತದೆ.

೧೯೯೬ರಲ್ಲಿ ಇಪ್ಸಿಲಾನ್ ಸಂಸ್ಥೆಯ ಐಪಿ ಸ್ವಿಚಿಂಗ್, ಸಿಸ್ಕೊ ಸಂಸ್ಥೆಯ ಟ್ಯಾಗ್ ಸ್ವಿಚಿಂಗ್ ಮುಂತಾದ ಪದ್ಧತಿಗಳು ಬೆಳಕಿಗೆ ಬಂದವು. ಪ್ರತಿಯೊಂದು ರೂಟರೂ ಪ್ಯಾಕೆಟ್ಟಿನ ವಿಳಾಸವನ್ನು ದೀರ್ಘ ಕೋಷ್ಟಕದಲ್ಲಿ ಹುಡುಕುವುದಕ್ಕೆ ಬದಲಾಗಿ, ಚಿಕ್ಕದೊಂದು ಅಂಕಿಯನ್ನು ನೋಡಿ ಮುಂದೆ ಸಾಗಿಸಬೇಕೆಂಬುದೇ ಇವುಗಳ ಮೂಲತತ್ತ್ವ. ೧೯೯೭ರಲ್ಲಿ ಇಂಟರ್ನೆಟ್ ಎಂಜಿನಿಯರಿಂಗ್ ಟಾಸ್ಕ್ ಫೋರ್ಸ್ ಇದಕ್ಕಾಗಿ ಕಾರ್ಯಸಮಿತಿಯೊಂದನ್ನು ರಚಿಸಿತು. ಎಂಪಿಎಲ್‌ಎಸ್ ಎಂಬ ಸಮಾನ ವಿನ್ಯಾಸವೂ ಎಲ್‌ಡಿಪಿ ಎಂಬ ವಿತರಣಾ ನಿಯಮಾವಳಿಯೂ ೨೦೦೧ರ ಜನವರಿಯಲ್ಲಿ ಪ್ರಕಟವಾದವು.

ಲೇಬಲ್ ಎಂಬುದು ೨೦ ಬಿಟ್ಟುಗಳ ಅಂಕಿ. ಅದಕ್ಕೆ ಸ್ವತಃ ಅರ್ಥವಿಲ್ಲ. ನೆರೆಯ ರೂಟರುಗಳ ಒಪ್ಪಂದದಿಂದಲೇ ಅರ್ಥ ಬರುತ್ತದೆ. ಕ, ಖ, ಗ ಎಂಬ ಮೂರು ರೂಟರುಗಳ ಮೂಲಕ ಪ್ಯಾಕೆಟ್ಟು ಸಾಗುವುದೆಂದು ಭಾವಿಸೋಣ. 'ಈ ಗುರಿಗೆ ೩೦ ಎಂದು ಬರೆದು ಕಳುಹಿಸು' ಎಂದು ಗ ರೂಟರು ಖ ರೂಟರಿಗೆ ತಿಳಿಸುತ್ತದೆ. ಖ ರೂಟರು ಅದೇ ಗುರಿಗೆ ಕ ರೂಟರಿಗೆ ೧೭ನ್ನು ಸೂಚಿಸುತ್ತದೆ. ೧೭ನ್ನು ಹೊತ್ತು ಬಂದುದನ್ನು ಖ ರೂಟರು ೩೦ಕ್ಕೆ ಬದಲಿಸಿ ಮುಂದೆ ಕಳುಹಿಸುತ್ತದೆ. ಅಂಕಿಯನ್ನು ನಿಶ್ಚಯಿಸುವ ಅಧಿಕಾರವು ಕಳುಹಿಸುವ ರೂಟರಿನದಲ್ಲ, ಸ್ವೀಕರಿಸುವ ರೂಟರಿನದು. ಏಕೆಂದರೆ ಅದನ್ನು ಓದಬೇಕಾದುದು ಅದೇ. ಆದುದರಿಂದ ಲೇಬಲುಗಳ ಸೂಚನೆಯು ಪ್ಯಾಕೆಟ್ಟುಗಳ ಗತಿಗೆ ಪ್ರತಿಮುಖವಾಗಿ ಹರಿಯುತ್ತದೆ.

ಎಲ್‌ಡಿಪಿಯು ಮಾರ್ಗವನ್ನು ತಾನು ಆರಿಸದು. ಬೇರೆ ನಿಯಮಾವಳಿ ಆರಿಸಿದ ಮಾರ್ಗವನ್ನೇ ಅನುಸರಿಸುತ್ತದೆ. ಇಷ್ಟಬಂದ ಮಾರ್ಗವನ್ನು ಗೊತ್ತುಪಡಿಸಲು ಎರಡು ಸಾಧನಗಳು ಸ್ಪರ್ಧಿಸಿದವು: ೨೦೦೧ರ ಡಿಸೆಂಬರಿನ ಆರ್‌ಎಸ್‌ವಿಪಿ-ಟಿಇ, ೨೦೦೨ರ ಜನವರಿಯ ಸಿಆರ್-ಎಲ್‌ಡಿಪಿ. ಒಂದೇ ಕಾರ್ಯಕ್ಕೆ ಎರಡು ವಿಧಾನಗಳು ಬೇಡವೆಂದು, ಎರಡನೆಯದರ ಮೇಲೆ ಹೊಸ ಕೆಲಸವನ್ನು ನಿಲ್ಲಿಸುವ ತೀರ್ಮಾನವು ೨೦೦೩ರ ಫೆಬ್ರವರಿಯಲ್ಲಿ ಪ್ರಕಟವಾಯಿತು.

ಇಷ್ಟರಲ್ಲಿ ಪೂರ್ಣ ವಿಳಾಸವನ್ನೇ ಶೀಘ್ರವಾಗಿ ಹುಡುಕಬಲ್ಲ ಚಿಪ್ಪುಗಳು ಬಂದು, ವೇಗದ ವಾದವು ದುರ್ಬಲವಾಗಿತ್ತು. ಆದರೂ ಪದ್ಧತಿಯು ಅಳಿಯಲಿಲ್ಲ. ಮಾರ್ಗವನ್ನು ಗೊತ್ತುಪಡಿಸುವುದಕ್ಕೂ, ಒಂದೇ ಜಾಲದಲ್ಲಿ ಹಲವು ಗ್ರಾಹಕರ ಸಂಚಾರವನ್ನು ಪ್ರತ್ಯೇಕವಾಗಿರಿಸುವುದಕ್ಕೂ ಅದು ಬೇಕಾಯಿತು.

ಆದರೆ ಪ್ರತ್ಯೇಕ ಒಪ್ಪಂದಕ್ಕೆ ಪ್ರತ್ಯೇಕ ಅಪಾಯವೂ ಉಂಟು. ಕಡಿದ ಕೊಂಡಿಯು ಮರಳಿ ಕೂಡಿದಾಗ, ಲೇಬಲುಗಳ ವಿನಿಮಯ ಮುಗಿಯುವ ಮೊದಲೇ ಮಾರ್ಗವು ಬಳಕೆಗೆ ಬಂದರೆ ಪ್ಯಾಕೆಟ್ಟುಗಳು ನಷ್ಟವಾಗಬಹುದು. ಇದರ ಪರಿಹಾರೋಪಾಯವು ೨೦೦೯ರಲ್ಲಿ ಪ್ರಕಟವಾಯಿತು. ೨೦೧೮ರ ಸೆಗ್ಮೆಂಟ್ ರೂಟಿಂಗ್ ವಿನ್ಯಾಸವು, ಮಾರ್ಗವನ್ನು ಸಾರುವ ನಿಯಮಾವಳಿಯೇ ಲೇಬಲನ್ನು ಅರಿಯಲು ಬೇಕಾದುದನ್ನೂ ಸಾರುವಂತೆ ಮಾಡಿ, ಎಲ್‌ಡಿಪಿಯಿಲ್ಲದೆಯೂ ನಡೆಯಬಹುದೆಂದು ತೋರಿಸಿತು. ಲೇಬಲ್ ಉಳಿಯಿತು, ಬದಲಾದುದು ಅದನ್ನು ಹಂಚುವ ಬಗೆ.