ತಾಯಿಯ ಹೆಸರು

ಅಲ್ಫರೆಟಾದ ಮನೆಯಲ್ಲಿ ಮೊಮ್ಮಗಳ ಒಸಿಐ ಅರ್ಜಿ ತುಂಬುತ್ತಿದ್ದೆ. 'ತಾಯಿಯ ಹೆಸರು' ಎಂಬಲ್ಲಿ ಸೊಸೆಯ ಹೆಸರು ಬರೆದು ಮುಂದೆ ಹೋದೆ. ಇದೇ ಪ್ರಶ್ನೆಗೆ ಉತ್ತರವಿಲ್ಲದೆ ಒಂದು ಕೂಸು ಭಾರತದಲ್ಲಿ ಮೂರು ತಿಂಗಳು ಸಿಕ್ಕಿಕೊಂಡಿದ್ದದ್ದು ಆಗ ನೆನಪಾಯಿತು.

2008ರ ಜುಲೈ 25ರಂದು ಗುಜರಾತಿನ ಆಣಂದ್‌ನಲ್ಲಿ ಮಂಜಿ ಎಂಬ ಹೆಣ್ಣುಮಗುವನ್ನು ಬಾಡಿಗೆ ತಾಯಿಯೊಬ್ಬರು ಹೆತ್ತರು. ತಂದೆ ಜಪಾನಿನವರು, ಅಂಡಾಣು ಅನಾಮಿಕ ದಾನಿಯದು. ಮಗು ಬಯಸಿದ್ದ ದಂಪತಿ ಹೆರಿಗೆಗೆ ಮುಂಚೆಯೇ ವಿಚ್ಛೇದನ ಪಡೆದಿದ್ದರು. ಮಾಜಿ ಪತ್ನಿ ಮಗು ಬೇಡವೆಂದರು. ಬಯಸಿದವಳು, ಅಂಡಾಣು ಕೊಟ್ಟವಳು, ಹೆತ್ತವಳು, ಹೀಗೆ ಮೂವರಿದ್ದೂ ಕಾಗದದ ಮೇಲೆ ಒಬ್ಬ ತಾಯಿಯೂ ಇಲ್ಲ! ಜಪಾನಿನ ಕಾನೂನಿಗೆ ಹೆತ್ತವಳೇ ತಾಯಿ. ಹಾಗಾಗಿ ಆ ದೇಶದ ಪಾಸ್‌ಪೋರ್ಟ್ ಸಿಗಲಿಲ್ಲ. ಅಜ್ಜಿ ಎಮಿಕೊ ಯಮಾದಾ ಬಂದು ಕೂಸನ್ನು ನೋಡಿಕೊಂಡರು, ಸುಪ್ರೀಂ ಕೋರ್ಟಿನ ಮೆಟ್ಟಿಲೂ ಹತ್ತಿದರು. ನವೆಂಬರ್‌ನಲ್ಲಿ ಭಾರತ ಸರ್ಕಾರ ಒಂದು ಗುರುತಿನ ಪತ್ರ ಕೊಟ್ಟಿತು. ಅದರಲ್ಲಿ ತಾಯಿಯ ಹೆಸರಿಲ್ಲ, ರಾಷ್ಟ್ರೀಯತೆ ಇಲ್ಲ, ಧರ್ಮವೂ ಇಲ್ಲ. ಅಷ್ಟನ್ನೇ ಹಿಡಿದು ಅಜ್ಜಿ-ಮೊಮ್ಮಗಳು ಜಪಾನಿಗೆ ಹೋದರು.

ಮರುವರ್ಷ ಜರ್ಮನ್ ಪ್ರಜೆಯೊಬ್ಬರ ಅವಳಿ ಮಕ್ಕಳ ಪ್ರಕರಣದಲ್ಲಿ ಗುಜರಾತ್ ಹೈಕೋರ್ಟ್ ಹೆತ್ತವಳನ್ನೇ ತಾಯಿ ಎಂದಿತು. ನಾನಿರುವ ಈ ದೇಶದಲ್ಲಿ, ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1993ರಲ್ಲೇ ಅದಕ್ಕೆ ತದ್ವಿರುದ್ಧ ತೀರ್ಪು ಕೊಟ್ಟಿತ್ತು: ಅಂಡಾಣು ಒಬ್ಬಳದು, ಹೆತ್ತವಳು ಇನ್ನೊಬ್ಬಳು ಎಂದಾಗ, ತಾನೇ ಸಾಕಬೇಕೆಂದು ಮಗು ಬಯಸಿದವಳೇ ತಾಯಿ. ರಾಜಧಾನಿ ವಾಷಿಂಗ್ಟನ್‌ನಲ್ಲಂತೂ 2017ರವರೆಗೆ ಇಂಥ ಕರಾರೇ ನಿಷಿದ್ಧವಾಗಿತ್ತು.

ಭಾರತದ 2021ರ ಕಾಯ್ದೆ ವೈದ್ಯಕೀಯ ಖರ್ಚು, ನಿಯಮದಲ್ಲಿ ನಿಗದಿಪಡಿಸಿದ ಇತರ ಖರ್ಚು ಮತ್ತು ವಿಮೆ ಬಿಟ್ಟು ಬೇರೆ ಹಣ ಕೊಡುವಂತಿಲ್ಲ ಎಂದಿತು. ಬಾಡಿಗೆ ಹೋಯಿತು, ನಮ್ಮ ಕನ್ನಡ ಪತ್ರಿಕೆಗಳಲ್ಲಿ 'ಬಾಡಿಗೆ ತಾಯಿ' ಮಾತ್ರ ಹಾಗೇ ಉಳಿದಿದ್ದಾಳೆ.