ನಾಲ್ಕೇ ಸಾಲು
ನುಡಿ ತಂತ್ರಾಂಶಕ್ಕೆ ವಿಂಡೋಸ್ ಬೇಕು, ಮಕ್ಕಳ ಕಲಿಕೆಗೆ ಲಿನಕ್ಸ್. ಎರಡನ್ನೂ ಒಂದೇ ಹಾರ್ಡ್ ಡಿಸ್ಕಿನಲ್ಲಿ ಇರಿಸಲು ಮಂಡ್ಯದ ಹುಡುಗನೊಬ್ಬ ಮದ್ದೂರಿನ ನಮ್ಮ ಶಾಲೆಗೆ ಬಂದಿದ್ದ. ಅವನು ಡಿಸ್ಕನ್ನು ಭಾಗ ಮಾಡುವಾಗ ನನಗೆ ಮಳವಳ್ಳಿಯ ತವರುಮನೆ ನೆನಪಾಯಿತು.

1983ರಲ್ಲಿ ಐಬಿಎಂ ಕಂಪನಿಯ ಎಕ್ಸ್‌ಟಿ ಕಂಪ್ಯೂಟರು 10 ಮೆಗಾಬೈಟಿನ ಡಿಸ್ಕಿನೊಡನೆ ಬಂದಾಗಲೇ ಈ ಪಾಲುಪಟ್ಟಿಯೂ ಬಂತು. ಡಿಸ್ಕಿನ ಮೊದಲ ಸೆಕ್ಟರಿನಲ್ಲಿರುವ ಆ ಪಟ್ಟಿಗೆ ನಾಲ್ಕೇ ಸಾಲು. ನನಗೂ ನಾಲ್ವರು ಅಣ್ಣಂದಿರು. 1993ರಲ್ಲಿ ಬರೆದ ಪಾಲುಪತ್ರದಲ್ಲಿ ನಾಲ್ಕೇ ಹೆಸರು. ನನಗೆ ಅರಿಶಿನ, ಕುಂಕುಮ, ಒಂದು ಸೀರೆ.

1987ರಲ್ಲಿ ಡಾಸ್ 3.3 ಒಂದು ಪಾಲನ್ನೇ ಹಿಗ್ಗಿಸಿ ಅದರೊಳಗೆ ಹಲವು ಕೋಣೆಗಳಿಗೆ ಎಡೆಮಾಡಿತು. ಕರ್ನಾಟಕದ ಕಾನೂನು ಹೆಣ್ಣುಮಕ್ಕಳಿಗೆ ಪಾಲು ಕೊಟ್ಟದ್ದು 1994ರಲ್ಲಿ. ಅದೂ ಅಷ್ಟರೊಳಗೆ ಮದುವೆಯಾದವರನ್ನು ಬಿಟ್ಟು.

ಭಾಗ ಮಾಡುವ ಮುನ್ನ ಹುಡುಗ ಎಲ್ಲದರ ಪ್ರತಿ ತೆಗೆದಿಟ್ಟಿದ್ದ. ಗೋಡೆಯೆದ್ದ ನಮ್ಮಮ್ಮನ ಹಿತ್ತಿಲಿಗೆ ಪ್ರತಿಯೆಲ್ಲಿಯದು?